ಮುಚ್ಚಿದ ಲಕೋಟೆಯೂ ಮೂಕರ್ಜಿಯೂ

ಗದಗ ತಾಲೂಕಿನ ಅಂತೂರ ಬೆಂತೂರದಂತಹ ಗ್ರಾಮಗಳಲ್ಲಿ ಟಪಾಲು ಬರುವುದೆಂದರೆ ಒಂದು ಕಾಲಕ್ಕೆ ಊರಿಗೆಲ್ಲ ಸಂಬಂಧಿಸಿದ ಸಂಗತಿಯಾಗಿತ್ತು. ಕಾರ್ಡಿನ ಒಕ್ಕಣೆಯು ವಿಳಾಸದಾರನಿಗೆ ಮುಟ್ಟುವ ಮೊದಲೇ ಕಟ್ಟೆಯ ಮೇಲೆ ಕುಳಿತ ನಾಲ್ವರಿಗೆ ತಿಳಿದುಬಿಡುತ್ತಿತ್ತು. ಆದುದರಿಂದಲೇ ಹಿರಿಯರು ಕುಶಲವಾರ್ತೆಯನ್ನು ಕಾರ್ಡಿನಲ್ಲಿಯೂ, ಸಾಲ ಸಂಬಂಧಗಳ ಒಳಮಾತನ್ನು ಅಂಟಿಸಿದ ಲಕೋಟೆಯಲ್ಲಿಯೂ ಬರೆಯುತ್ತಿದ್ದರು. ಲಕೋಟೆಯನ್ನು ಅಂಟಿಸಿದವನನ್ನು ಯಾರೂ ಅಪರಾಧಿಯೆಂದು ಬಗೆಯಲಿಲ್ಲ. ಅದು ಗೃಹಸ್ಥನ ಮರ್ಯಾದೆಯೆಂದೇ ತಿಳಿದರು.

ಇ-ಮೇಲ್ ಬಂದ ಮೇಲೆ ಈ ವಿವೇಕವು ಮರೆಯಾಗುತ್ತಲಿದೆ. ವಿದ್ಯಾರ್ಥಿವೇತನದ ಅರ್ಜಿ, ಜಾತಿ ಹಾಗೂ ಆದಾಯದ ಪ್ರಮಾಣಪತ್ರ, ಆಧಾರ್ ಪ್ರತಿ, ದಾನಿಗಳ ಬ್ಯಾಂಕ್ ಖಾತೆಯ ವಿವರ ಇವೆಲ್ಲವೂ ಇಂದು ಶಾಲೆಗಳಿಂದ ಪುಕ್ಕಟೆ ವೆಬ್‌ಮೇಲ್ ಮೂಲಕವೇ ಹೋಗಿ ಬರುತ್ತವೆ. ದಾರಿಯಲ್ಲಿ ಪತ್ರವು ಅನ್ಯರ ಕಣ್ಣಿಗೆ ಬೀಳದಂತೆ ಇಂದಿನ ಸೇವೆಗಳು ಬಹುಮಟ್ಟಿಗೆ ಕಾಪಾಡುತ್ತವೆಂಬುದು ನಿಜ. ಆದರೆ ಪತ್ರವು ತಂಗುವ ಸರ್ವರಿನಲ್ಲಿ ಅದನ್ನು ತೆರೆಯುವ ಕೀಲಿಕೈ ಸಾಮಾನ್ಯವಾಗಿ ಸೇವೆ ನೀಡುವ ಕಂಪನಿಯ ಬಳಿಯೇ ಇರುತ್ತದೆ. ಬರೆದವನಿಗಾಗಲಿ ಪಡೆದವನಿಗಾಗಲಿ ಅದರ ಮೇಲೆ ಹಿಡಿತವಿಲ್ಲ.

ಇದಕ್ಕೆ ಪರಿಹಾರವು ಗೂಢಲಿಪಿ. ಅಕ್ಷರಗಳಿಗೆ ಬದಲಾಗಿ 1ರಿಂದ 64ರವರೆಗಿನ ಅಂಕಿಗಳನ್ನು ಜೋಡಿಸಿದ ಕುಮುದೇಂದುವಿನ ‘ಸಿರಿಭೂವಲಯ’ವನ್ನು ಬಲ್ಲ ಕನ್ನಡಿಗರಿಗೆ ಈ ಕಲ್ಪನೆ ತೀರ ಹೊಸದಲ್ಲ. 1991ರಲ್ಲಿ ಅಮೇರಿಕೆಯ ಫಿಲಿಪ್ ಝಿಮ್ಮರ್‌ಮನ್ ಎಂಬವರು ಪಿಜಿಪಿ ಎಂಬ ತಂತ್ರಾಂಶವನ್ನು ಹೊರತಂದು, ಬಲವಾದ ಗೂಢಲಿಪಿಯನ್ನು ಸಾಮಾನ್ಯ ಜನರ ಕೈಗೆ ಇತ್ತರು. ಅದರ ಮರ್ಮ ಸರಳವಾದುದು. ಒಬ್ಬನು ತನ್ನ ತೆರೆದ ಕೀಲಿಗಳನ್ನು ಊರಿಗೆಲ್ಲ ಹಂಚಿ, ಕೀಲಿಕೈಯನ್ನು ಮಾತ್ರ ತನ್ನಲ್ಲಿಯೇ ಇರಿಸಿಕೊಳ್ಳುತ್ತಾನೆ. ಯಾರು ಬೇಕಾದರೂ ಆ ಕೀಲಿ ಹಾಕಿ ಪತ್ರ ಕಳಿಸಬಹುದು, ತೆರೆಯಬಲ್ಲವನು ಅವನೊಬ್ಬನೇ. ಸ್ವಿಟ್ಝರ್ಲೆಂಡಿನಲ್ಲಿ 2014ರಲ್ಲಿ ಆರಂಭವಾದ ಪ್ರೋಟಾನ್ ಮೇಲ್ ಇದೇ ತತ್ವವನ್ನು ಬ್ರೌಸರಿನೊಳಗೆ ಅಳವಡಿಸಿ, ಮೂಲ ಸೇವೆಯನ್ನು ಶುಲ್ಕವಿಲ್ಲದೆ ಒದಗಿಸಿತು.

ಈ ಸೇವೆಯೇ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಬಂದುದು ವಿಚಾರಾರ್ಹವಾಗಿದೆ. ಸಂಸ್ಥೆಯೊಂದರ ಮಹಿಳಾ ಉದ್ಯೋಗಿಯ ಮಾನಹಾನಿಯಾಗುವಂತಹ ಅಶ್ಲೀಲ ಪತ್ರಗಳು ಈ ಮಾರ್ಗದಿಂದ ಬಂದವೆಂಬ ದೂರಿನ ಮೇಲೆ, ಮಾಹಿತಿ ತಂತ್ರಜ್ಞಾನ ಕಾಯಿದೆಯನ್ವಯ ಅದನ್ನು ತಡೆಯುವ ಕ್ರಮ ಕೈಕೊಳ್ಳಬೇಕೆಂದು ನ್ಯಾಯಾಲಯವು 2025ರ ಏಪ್ರಿಲ್ 29ರಂದು ಕೇಂದ್ರ ಸರಕಾರಕ್ಕೆ ನಿರ್ದೇಶಿಸಿತು. ನೊಂದವರ ದುಃಖವು ಅಲ್ಪವಾದುದಲ್ಲ, ತಪ್ಪಿತಸ್ಥನು ಸಿಕ್ಕಲೇಬೇಕು. ಆದರೆ ಇಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಬಾರದು. ಆ ಪತ್ರಗಳ ಒಕ್ಕಣೆ ಪಡೆದವರಿಗೆ ಸ್ಪಷ್ಟವಾಗಿಯೇ ಕಂಡಿತ್ತು. ಕಾಣದೆ ಹೋದುದು ಬರೆದವನ ಹೆಸರು. ಎಂದರೆ ಆ ಪೀಡೆಯು ಮೂಕರ್ಜಿಯ ಪೀಡೆಯೇ ಹೊರತು ಮುಚ್ಚಿದ ಲಕೋಟೆಯದಲ್ಲ. ಹಿಂದೆ ಮೂಕರ್ಜಿಗಳು ಬಂದವೆಂದು ಲಕೋಟೆಯ ಮಾರಾಟವನ್ನು ಯಾರೂ ನಿಲ್ಲಿಸಲಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಆ ಪ್ರಕರಣದ ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳೇ ಆಗಿದ್ದರೆಂಬುದು ಸ್ಮರಣೀಯ.

ಹಾಗಾದರೆ ಎಂತಹ ಕೀಲಿಯನ್ನು ನಂಬಬೇಕು? ಪುಕ್ಕಟೆ ಎಂಬುದು ಬೇರೆ, ಸ್ವತಂತ್ರ ಎಂಬುದು ಬೇರೆ. ಸ್ವತಂತ್ರ ತಂತ್ರಾಂಶದ ಮೂಲಸಂಕೇತವನ್ನು ಬಲ್ಲವರು ಯಾರೂ ತೆರೆದು ಪರೀಕ್ಷಿಸಬಹುದು. 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಹುಟ್ಟಿದ ಸಹಕಾರಿ ಸಂಘದ ನಾಡಿಗೆ ಇದನ್ನು ವಿವರಿಸಬೇಕಾಗಿಲ್ಲ: ಲೆಕ್ಕದ ಪುಸ್ತಕವು ಸದಸ್ಯರಿಗೆ ತೆರೆದಿದ್ದರೇನೇ ನಂಬಿಗೆ. ಆದರೂ ಪುಸ್ತಕ ತೆರೆದಿದ್ದರೆ ಸಾಲದು, ಓದುವವರೂ ಬೇಕು. ಬಹುಸಂಖ್ಯಾತರು ಬಳಸುವ ರೌಂಡ್‌ಕ್ಯೂಬ್ ಎಂಬ ಸ್ವತಂತ್ರ ವೆಬ್‌ಮೇಲ್ ತಂತ್ರಾಂಶದಲ್ಲಿ ಹತ್ತು ವರ್ಷಕ್ಕೂ ಮಿಗಿಲಾಗಿ ಅಡಗಿದ್ದ ಗಂಭೀರ ದೋಷವೊಂದು 2025ರ ಜೂನ್‌ದಲ್ಲಿ ಬಯಲಾಯಿತು. ತಿದ್ದಿದ ಆವೃತ್ತಿಯನ್ನು ಕೂಡಲೇ ಹಾಕಿಕೊಂಡವರು ಪಾರಾದರು. ಅಲಕ್ಷಿಸಿದವರ ಬಾಗಿಲು ತೆರೆದೇ ಉಳಿಯಿತು.

ಗೂಢಲಿಪಿಯ ಮಿತಿಗಳನ್ನೂ ಅರಿತಿರಬೇಕು. ಅದು ಒಕ್ಕಣೆಯನ್ನು ಮುಚ್ಚುತ್ತದೆಯೇ ವಿನಾ ಯಾರು ಯಾರಿಗೆ ಬರೆದರೆಂಬುದನ್ನು ಮುಚ್ಚುವುದಿಲ್ಲ. ಕೀಲಿಕೈ ಕಳೆದರೆ ಒಡೆಯನಿಗೂ ಪತ್ರ ದಕ್ಕುವುದಿಲ್ಲ. ಆದುದರಿಂದ ಈ ಕಾರ್ಯವು ಒಬ್ಬರಿಂದ ಆಗತಕ್ಕದ್ದಲ್ಲ. ಗುಪ್ತಪದವನ್ನು ಕಾಗದದ ಮೇಲೆ ಬರೆದು ಮೇಜಿಗೆ ಅಂಟಿಸುವ ರೂಢಿಯನ್ನು ಶಿಕ್ಷಕರು ಬಿಡಬೇಕು. ಗಣಕಶಾಸ್ತ್ರ ಬಲ್ಲ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನಗಳನ್ನಾದರೂ ತಾವು ಕಲಿತ ಶಾಲೆಯ ತಂತ್ರಾಂಶಗಳ ಪಾಲನೆಗೆ ಮೀಸಲಿಡಬೇಕು. ದಾನಿಗಳು ಕೊಠಡಿ ಕಟ್ಟಿಸಿದಂತೆಯೇ ಕಣ್ಣಿಗೆ ಕಾಣದ ಈ ಕಾವಲಿಗೂ ನೆರವಾಗಬೇಕು. ಬಡ ಪಾಲಕನು ಮಗುವಿನ ಕಾಗದಪತ್ರಗಳನ್ನು ಶಾಲೆಯ ಕೈಗೆ ಒಪ್ಪಿಸುವುದು ನಂಬಿಗೆಯಿಂದ. ಆ ನಂಬಿಗೆಯನ್ನು ಕಾರ್ಡಿನಂತೆ ಊರ ಮುಂದೆ ಹರವಬೇಕೋ, ಲಕೋಟೆಯಂತೆ ಕಾಯಬೇಕೋ ಎಂಬುದನ್ನು ವಿದ್ಯಾಸಂಸ್ಥೆಗಳೇ ನಿರ್ಧರಿಸತಕ್ಕದ್ದು.