ಅರಳುಮರಳೆಂದು ಕೈತೊಳೆದುಕೊಂಡರೆ ಸಾಲದು

ಗಿರಣಿಯ ಮಗ್ಗದ ಖಾತೆಯಲ್ಲಿ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ಎರಡು ವರ್ಷ ಅವರು ನಸುಕಿನಲ್ಲೆದ್ದು, ಪಾಳಿಗೆ ಹೊತ್ತಾಯಿತೆಂದು ಬುತ್ತಿ ಕೇಳಿ, ಎಂದೋ ಮುಚ್ಚಿದ ಗಿರಣಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಒಂದು ದಿನ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿಯಿತು. ಹಾಸಿಗೆ ಹಿಡಿದರು. ಕುಡಿಸಿದ ಗಂಜಿ ನೆತ್ತಿಗೇರಿ, ಎದೆಯಲ್ಲಿ ಕಫ ಕಟ್ಟಿ, ಹದಿನೈದೇ ದಿನದಲ್ಲಿ ಹೋದರು. “ವಯಸ್ಸಾಗಿತ್ತು, ಅರಳುಮರಳು ಬೇರೆ” ಎಂದು ಬಂದವರೆಲ್ಲ ಹೇಳಿದರು. ಅಲ್ಲಿ ಕುಳಿತಿದ್ದ ನಾವೂ ತಲೆಯಾಡಿಸಿದೆವು. ಹಾಗೆ ತಲೆಯಾಡಿಸಿದ್ದು ತಪ್ಪೆಂದು ಈಗ ಬರೆಯುತ್ತಿದ್ದೇವೆ.

ಅರವತ್ತಕ್ಕೆ ಅರಳುಮರಳೆಂಬ ಗಾದೆ ಎಲ್ಲರಿಗೂ ಬಾಯಿಪಾಠ. ಆದರೆ ಉದ್ರಿ ಒಯ್ದವನ ಹೆಸರು ಗಳಿಗೆಹೊತ್ತು ಮರೆತು ಆಮೇಲೆ ನೆನಪಾಗುವುದು ಮುಪ್ಪು. ನಲವತ್ತು ವರ್ಷ ಕಿರ್ದಿ ಬರೆದ ಕಿರಾಣಿ ಅಂಗಡಿಯವರು ಒಂದೇ ನೋಟಿಗೆ ಎರಡೆರಡು ಸಲ ಚಿಲ್ಲರೆ ಕೊಡುತ್ತಿದ್ದರೆ, ತಿಳಿಸಿ ಹೇಳಿದರೂ ತಿಳಿಯದಿದ್ದರೆ, ಅದು ರೋಗವಿರಬಹುದು. ವೈದ್ಯರು ಅದನ್ನು ಡಿಮೆನ್ಶಿಯ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

ಇದು ಬರಿಯ ಮರೆವಲ್ಲ, ಕೊಲ್ಲುವ ರೋಗ. ವಿಶ್ವ ಆರೋಗ್ಯ ಸಂಸ್ಥೆ 2019ರ ಲೆಕ್ಕದಲ್ಲಿ ಜಗತ್ತಿನ ಸಾವಿನ ಕಾರಣಗಳಲ್ಲಿ ಇದಕ್ಕೆ 7ನೆಯ ಸ್ಥಾನ ಕೊಟ್ಟಿತು. ಬುದ್ಧಿ ವೇಗವಾಗಿ ಕುಂದುವ ವೃದ್ಧರಿಗೆ ಸಾವೂ ಬೇಗ ಬರುತ್ತದೆಂಬುದನ್ನು ಹಲವು ದೇಶಗಳ ವೈದ್ಯರು ವರ್ಷಗಟ್ಟಲೆ ಪರೀಕ್ಷಿಸಿ ಕಂಡಿದ್ದಾರೆ. ರೋಗಿ ರಕ್ತದೊತ್ತಡದ ಗುಳಿಗೆ ಮರೆಯುತ್ತಾನೆ, ಇಲ್ಲವೆ ಎರಡು ಸಲ ನುಂಗುತ್ತಾನೆ. ನೋವನ್ನು ಹೇಳಲಾರ. ಹೆಜ್ಜೆ ತಪ್ಪಿ ಬೀಳುತ್ತಾನೆ. ಕಡೆಗೆ ನುಂಗುವುದನ್ನೇ ಮರೆತಾಗ ಅನ್ನ ಶ್ವಾಸಕೋಶಕ್ಕಿಳಿದು ನ್ಯುಮೋನಿಯ ಆಗುತ್ತದೆ. ಇನ್ನೊಂದು ಮಾತು: ಹೃದಯವನ್ನೂ ರಕ್ತನಾಳವನ್ನೂ ಕೆಡಿಸುವ ಸಕ್ಕರೆ ರೋಗ, ರಕ್ತದೊತ್ತಡ ಇವೇ ಮಿದುಳನ್ನೂ ಕೆಡಿಸುತ್ತವೆ. ಆದುದರಿಂದ ಮರೆವು ಎಷ್ಟೋ ಸಲ ಒಳಗಿನ ಬೇರೆ ಕೇಡಿನ ಮುನ್ಸೂಚನೆ.

ಆ ಹಿರಿಯರ ಹೆಂಡತಿ ಹೇಳಿದರು: “ಮೇಷ್ಟ್ರೇ, ಗಿರಣಿ ಬಿಟ್ಟಾಗಲೇ ಇವರಿಗೆ ಕಿವಿ ಹೋಗಿತ್ತು. ಕೂಗಿ ಕೂಗಿ ಸಾಕಾಗಿ, ಹತ್ತು ವರ್ಷದಿಂದ ಮನೇಲಿ ಯಾರೂ ಇವರ ಜತೆ ಮಾತೇ ಆಡ್ತಿರಲಿಲ್ಲ.”

ಈ ಮಾತು ನಮ್ಮನ್ನು ಬಿಡಲಿಲ್ಲ. 2024ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞಮಂಡಳಿಯು ಈ ರೋಗಕ್ಕೆ ದಾರಿಮಾಡುವ, ಆದರೆ ತಡೆಯಬಹುದಾದ 14 ಕಾರಣಗಳನ್ನು ಎಣಿಸಿತು. ಅವನ್ನೆಲ್ಲ ನಿವಾರಿಸಿದರೆ ನೂರಕ್ಕೆ ಸುಮಾರು 45 ರೋಗಗಳನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು ಹೇಳಿತು. ಕಿವುಡು, ಒಂಟಿತನ, ಎಳವೆಯಲ್ಲಿ ಶಾಲೆ ಕಾಣದಿರುವುದು, ಹೊಗೆ ತುಂಬಿದ ಗಾಳಿ, ಬೀಡಿ ಸಿಗರೇಟು, ಹೆಂಡ, ತಲೆಗೆ ಬಿದ್ದ ಪೆಟ್ಟು ಆ ಪಟ್ಟಿಯಲ್ಲಿವೆ. ಹೆಂಡ, ಬೀಡಿಗಳ ವಿಷಯದಲ್ಲಿ ನಮ್ಮವರ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಆದರೆ ಉಳಿದದ್ದು? ಮಗ್ಗದ ಖಾತೆಯಲ್ಲಿ ಮಾತು ಕೇಳಿಸದೆ ಕೈಸನ್ನೆಯಲ್ಲಿ ಕೆಲಸ ನಡೆಸಿದವರು ದಾವಣಗೆರೆಯಲ್ಲೂ ಹುಬ್ಬಳ್ಳಿಯಲ್ಲೂ ಇನ್ನೂ ಬದುಕಿದ್ದಾರೆ. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆ ಕಾನೂನಿನ ರೋಗಪಟ್ಟಿಯಲ್ಲೂ ಸೇರಿತ್ತು. ಎಷ್ಟು ಮಾಲಿಕರು ಕಿವಿಗೆ ರಬ್ಬರಿನ ಬಿರಡೆ ಕೊಡಿಸಿದರು? ಎಷ್ಟು ಜನರಿಗೆ ಪರಿಹಾರ ದೊರೆಯಿತು? ಲಾಭ ಅವರ ತಿಜೋರಿಗೆ ಹೋಯಿತು, ಕಿವುಡು ನಮ್ಮ ಮನೆಗೆ ಬಂತು.

ಮರೆವೆಲ್ಲ ಗುಣವಾಗದ್ದೂ ಅಲ್ಲ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಔಷಧಿಗಳು ಸಹ ಬುದ್ಧಿಗೆ ಮಂಕು ಕವಿಸುತ್ತವೆ. ಇವಕ್ಕೆ ಚಿಕಿತ್ಸೆಯಿದೆ. ಅರಳುಮರಳೆಂದು ಮೂಲೆಗೆ ಕೂಡಿಸಿದವರಲ್ಲಿ ಇಂಥವರು ಎಷ್ಟಿದ್ದರೋ! 2022ರಲ್ಲಿ ರಾಜ್ಯ ಸರಕಾರವು ನಿಮ್ಹಾನ್ಸ್ ಸಂಸ್ಥೆಯೊಡನೆ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿತು, ಸಂತೋಷ. ಆದರೆ ಅದು ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬರಬೇಕು. ಕಿವಿ ಪರೀಕ್ಷೆ, ಶ್ರವಣಯಂತ್ರ ಪುಕ್ಕಟೆ ಸಿಗಬೇಕು.

ಪಿಂಚಣಿಯ ಕಥೆ ಕೇಳಿ. ಭವಿಷ್ಯನಿಧಿ ಪಿಂಚಣಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅದಕ್ಕೂ ತಾನು ಬದುಕಿರುವೆನೆಂದು ವರ್ಷಕ್ಕೊಮ್ಮೆ ಪ್ರಮಾಣ ಕೊಡಬೇಕು. ತನ್ನ ಹೆಸರೇ ಮರೆತವನು ಯಾವ ಪ್ರಮಾಣ ಕೊಟ್ಟಾನು? ಪ್ರಮಾಣ ತಪ್ಪಿದರೆ ಹಣ ನಿಲ್ಲುತ್ತದೆ. ಹಣ ನಿಂತರೆ ಮೊದಲು ನಿಲ್ಲುವುದು ಔಷಧಿ.

ಅಂಚೆಯವರು ಮನೆಗೇ ಬಂದು ಈ ಪ್ರಮಾಣ ಮಾಡಿಕೊಡುವ ಏರ್ಪಾಡಿದೆ, ಬಹಳ ಜನಕ್ಕೆ ತಿಳಿಯದು. ಕಾರ್ಮಿಕ ಬಂಧುಗಳೂ ಅಂಗಡಿಕಾರ ಮಿತ್ರರೂ ತಮ್ಮ ಓಣಿಯಲ್ಲಿ ಮರೆವು, ಕಿವುಡು ಇರುವ ಹಿರಿಯರ ಹೆಸರು, ಪಿಂಚಣಿ ನಂಬರು ಬರೆದು ಭಾನುವಾರ ಸಂಜೆ ನಮ್ಮ ಕಚೇರಿಗೆ ತಂದುಕೊಡಬೇಕು. ಪಟ್ಟಿಯನ್ನು ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ನಾವೇ ಇಡುತ್ತೇವೆ.