ಮರಿಗೆ ಶೆಡ್ ಕಟ್ಟೋದಕ್ಕಿಂತ ಅದರ ಜಾಗ ಬಿಡೋದು ಮೊದಲು

ಕಬ್ಬು ಕಡಿಯೋ ಗ್ಯಾಂಗ್ ಬರೋ ದಿನ ಹತ್ರ ಬಂದ್ವು, ತೊಗರಿ ರಾಶಿನೂ ಶುರು ಆಗ್ತದ. ಅದಕ್ಕ ಈ ಮಾತು ಈಗಲೇ ಬರೀಲಿಕತ್ತೀನಿ.

ಮೊನ್ನೆ ಕಲಬುರಗಿ ಮಾರ್ಕೆಟ್‌ಗೆ ಹೋದಾಗ ಚಹಾದಂಗಡಿ ಮುಂದ ಒಬ್ರು ಅಂದ್ರು: "ರಿಂಗ್ ರೋಡ್ ಹೊರಗ ಒಂದು ಶೆಡ್ ಕಟ್ಟಬೇಕ್ರಿ. ಹೊಲದಾಗ ಸಿಗೋ ಕಾಡುಪ್ರಾಣಿ ಮರಿ ಎಲ್ಲಾ ತಂದು ಅಲ್ಲೇ ಸಾಕಬೇಕು." ಅವರ ಮನಸ್ಸು ಒಳ್ಳೇದೇ. ಆದ್ರ ನಾನು ಒಪ್ಪಲಿಲ್ಲ. ಯಾಕ ಅಂತ ಹೇಳ್ತೀನಿ.

ಹತ್ತು ವರ್ಷದ ಹಿಂದ ನಮ್ಮ ಕಮಲಾಪುರ ಕಡೆ ಹೊಲದ ಒಡ್ಡಿನ ಹುಲ್ಲಾಗ ಚಿಗರಿ ಮರಿ ಒಂದು ಮಲಗಿತ್ತು. ಹತ್ರ ಹೋದ್ರೂ ಅಲುಗಾಡಲಿಲ್ಲ. ತಾಯಿ ಬಿಟ್ಟು ಹೋಗ್ಯಾಳ ಅಂತ ತಿಳಕೊಂಡು ಮನೀಗೆ ತಂದು ಬಾಟಲಿಲೇ ಆಕಳ ಹಾಲು ಕುಡಿಸಿದೆ. ಮೂರನೇ ದಿನಕ್ಕ ಭೇದಿ ಹತ್ತಿತು, ನಾಲ್ಕನೇ ದಿನ ಮುಂಜಾನೆ ಸತ್ತಿತ್ತು. ಬಾಜೂ ಹೊಲದವ ಆಮ್ಯಾಲೆ ಹೇಳಿದ, ಹೆಣ್ಣು ಚಿಗರಿ ಒಂದು ಎರಡು ಸಂಜಿ ಅದೇ ಒಡ್ಡಿನ ಮ್ಯಾಲ ಬಂದು ನಿಂತಿತ್ತಂತ. ಚಿಗರಿ ಮರಿ ಹುಟ್ಟಿದ ಮೊದಲ ದಿನಗಳಾಗ ತಾಯಿ ಅದನ್ನ ಹುಲ್ಲಾಗ ಮುಚ್ಚಿಟ್ಟು ದೂರ ಮೇಯಲಿಕ್ಕೆ ಹೋಗ್ತದ, ನಡುನಡುವೆ ಬಂದು ಹಾಲು ಕುಡಿಸ್ತದ. ಅಲುಗಾಡದೆ ಮಲಗೋದೇ ಆ ಮರಿಗಿರೋ ಕಾವಲು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಾಗ ಅದ, ಮನ್ಯಾಗ ಇಟ್ಟುಕೊಳ್ಳೋದೇ ಅಪರಾಧ ಅನ್ನೋದೂ ಆಗ ನನಗ ಗೊತ್ತಿರಲಿಲ್ಲ. ಉಳಿಸ್ತೀನಿ ಅಂತ ಹೋಗಿ ಕದ್ದಂಗ ಆಯ್ತು.

ಎರಡು ವರ್ಷದ ಹಿಂದ ಕಬ್ಬು ಕಡಿಯೋವಾಗ ರವದಿ ಒಳಗ ಕಾಡುಬೆಕ್ಕಿನ ಮೂರು ಮರಿ ಸಿಕ್ಕವು. ಈ ಸಲ ಮನೀಗೆ ತರಲಿಲ್ಲ. ಅರಣ್ಯ ಇಲಾಖೆಗೆ ಫೋನ್ ಹಚ್ಚಿದೆ (ಸಹಾಯವಾಣಿ 1926). ಆ ಮೂಲಿ ಕಡಿಯೋದು ನಿಲ್ಲಿಸಿ, ಅವರು ಹೇಳಿದಂಗ ಬಾಳೆಹಣ್ಣು ತುಂಬೋ ಪ್ಲಾಸ್ಟಿಕ್ ಕ್ರೇಟ್ ಅದೇ ಜಾಗಕ್ಕ ಇಟ್ಟು, ಒಳಗ ಒಣ ರವದಿ ಹಾಸಿ, ಬಟ್ಟೆಲೇ ಹಿಡಿದು ಮರಿ ಇಟ್ಟಿವಿ. ಕತ್ತಲಾಗೋ ಮುಂಚೆ ಎಲ್ಲರೂ ಹೊಲ ಬಿಟ್ಟು ಬಂದಿವಿ, ನಾಯಿ ಕಟ್ಟಿ ಹಾಕಿದಿವಿ. ಮುಂಜಾನೆ ನೋಡಿದ್ರ ಒಂದೇ ಮರಿ ಇತ್ತು. ಮರುದಿನ ಅದೂ ಇರಲಿಲ್ಲ.

ಇದು ನಮ್ಮ ಹೊಸ ಶೋಧ ಏನಲ್ಲ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನಾಗ ಚಿರತೆ ಮರಿ ಸಿಗ್ತಾವ. ಅಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರು ಮರೀನ ಪೆಟ್ಟಿಗಿಯಾಗ ಸಿಕ್ಕ ಜಾಗಕ್ಕೇ ಇಟ್ಟು ರಾತ್ರಿ ಕಾಯ್ತಾರ, ಕ್ಯಾಮೆರಾ ಹಚ್ಚಿರ್ತಾರ. ತಾಯಿ ಬಂದು ಬಾಯಾಗ ಕಚ್ಚಿಕೊಂಡು ಹೋಗ್ತದ. ಮಾಣಿಕ್‌ಡೋಹ್‌ದಾಗ ದೊಡ್ಡ ಚಿರತೆ ಕೇಂದ್ರ ಇದ್ರೂ ಅವರ ಮೊದಲ ಪ್ರಯತ್ನ ತಾಯಿ ಹತ್ರ ಕಳಿಸೋದೇ.

ಹಂಗಾದ್ರ ಪೆಟ್ಟಿಗಿ ಹ್ಯಾಂಗಿರಬೇಕು? ಮ್ಯಾಲ ಬಾಯಿ ತೆರೆದಿರಬೇಕು. ಮರಿ ಹತ್ತಿ ಹೊರಗ ಬರಬಾರದು, ತಾಯಿ ಬಗ್ಗಿ ಎತ್ತಿಕೊಳ್ಳಬೇಕು, ಅಷ್ಟೇ ಎತ್ತರ. ಹಗಲು ನೆರಳು ಬೇಕು. ಹಾಲು ಹಾಕಬ್ಯಾಡ್ರಿ, ಸೆಲ್ಫಿ ಬ್ಯಾಡ. ಚಿಗರಿ ಮರಿಗೆ ಪೆಟ್ಟಿಗಿನೂ ಬ್ಯಾಡ. ಮುಟ್ಟದೆ, ಹತ್ರ ಒಂದು ಕೋಲಿಗೆ ಬಟ್ಟಿ ಕಟ್ಟಿ ನಿಲ್ಲಿಸಿ, ಹಾರ್ವೆಸ್ಟರ್ ಡ್ರೈವರ್‌ಗೆ ಹೇಳ್ರಿ, ಸುತ್ತು ಹಾಕಿ ಹೋಗ್ತಾನ.

ಕಾಯಂ ಆಸರೆ ಬೇಕಂದ್ರ ಹಳ್ಳದ ದಂಡಿಗೆ, ಒಡ್ಡಿನ ಮ್ಯಾಲ ಆರು ಅಡಿ ಹುಲ್ಲು-ಕಂಟಿ ಬಿಡ್ರಿ. ಕಟಾವು ನಾಲ್ಕೂ ಕಡೆಯಿಂದ ಸುತ್ತಿ ಒಳಗ ಬರಬ್ಯಾಡ್ರಿ, ಒಂದು ಕಡೆಯಿಂದ ಶುರು ಮಾಡಿ ಒಡ್ಡಿನ ಕಡೆ ಹೋಗ್ರಿ. ಓಡಲಿಕ್ಕೆ ದಾರಿ ಸಿಗ್ತದ. ರವದಿಗೆ ಬೆಂಕಿ ಹಚ್ಚೋ ಬದಲು ಹೊಲಕ್ಕೇ ಹಾಸಿದ್ರ ಭೂಮಿಗೂ ಛಲೋ. ಕೊಪ್ಪಳ ಜಿಲ್ಲೆ ಬಂಕಾಪುರದಾಗ ಸರ್ಕಾರ ತೋಳಕ್ಕಂತ ಧಾಮ ಮಾಡ್ಯದ. ಅಲ್ಲೂ ತೋಳಕ್ಕ ಯಾರೂ ಮನಿ ಕಟ್ಟಿಲ್ಲ, ಅದು ಇದ್ದ ಜಾಗ ಉಳಿಸ್ಯಾರ.

"ತೊಗರಿ ತಿಂದು ಹಾಳು ಮಾಡೋ ಚಿಗರಿಗೆ ನಾವ್ಯಾಕ ಜಾಗ ಬಿಡಬೇಕು?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ನನ್ನ ತೊಗರಿನೂ ತಿಂದಾವ. ಅದಕ್ಕ ಪರಿಹಾರ ಬೇಗ ಬರಬೇಕು, ಪೂರ್ತಿ ಬರಬೇಕು ಅಂತ ಇಲಾಖೆ ಮುಂದ ಜಗಳ ಮಾಡೋಣ. ಸಣ್ಣ ಮರಿ ಮ್ಯಾಲ ಆ ಸಿಟ್ಟು ಬ್ಯಾಡ.

ಶಹರದವರಿಗೂ ಕೆಲಸ ಅದ. ಹುಮನಾಬಾದ್ ರೋಡ್ ಹಿಡಿದು ನಮ್ಮ ಕಡೆ ಬರ್ತಾ ನೋಡ್ರಿ, ಬೀಳು ಜಮೀನೆಲ್ಲ ಪ್ಲಾಟ್ ಆಗ್ಲಿಕತ್ತಾವ. ಊರ ಹೊರಗ ಕಸ ಸುರಿದಲ್ಲಿ ನಾಯಿ ಹಿಂಡು ಬೆಳೀತದ, ರಾತ್ರಿ ಅವೇ ಹೊಲಕ್ಕ ಬಂದು ಮರಿ ಹಿಡೀತಾವ. ಶೆಡ್ಡಿಗೆ ಕೂಡಿಸೋ ರೊಕ್ಕ ಮೊದಲು ಆ ಕಸಕ್ಕ, ಲೇಔಟ್‌ನಾಗ ಹಳ್ಳದ ದಂಡಿ ಉಳಿಸಲಿಕ್ಕೆ ಹಾಕ್ರಿ. ಶೆಡ್ ಬೇಕಾಗೋದು ಗಾಯ ಆದ ಮರಿಗೆ, ತಾಯಿ ಸತ್ತ ಮರಿಗೆ ಮಾತ್ರ. ಅದನ್ನ ನಡೆಸೋದು ಇಲಾಖೆ, ವೈದ್ಯರ ಕೆಲಸ.

ಈ ವರ್ಷ ನಮ್ಮ ಗ್ಯಾಂಗಿನವರಿಗೆ ಒಂದೇ ಮಾತು ಹೇಳೀನಿ: ಮರಿ ಕಂಡ್ರ ಕೊಯ್ತ ನಿಲ್ಲಿಸ್ರಿ, ಆ ಅರ್ಧ ದಿನದ ಕೂಲಿ ನಾ ಕೊಡ್ತೀನಿ. ನಿಮ್ಮ ಕಡೆ ಹ್ಯಾಂಗ ಮಾಡ್ತೀರಿ, ಬರೀರಿ.