ಅಲೆ ಎಬ್ಬಿಸೋದು ಸುಲಭ, ಆದ್ರೆ...

ರೈನೋ ತಂತ್ರಾಂಶದೊಳಗಿನ ಗ್ರಾಸ್‌ಹಾಪರ್ ಕೈಗೆ ಸಿಕ್ಕವರಿಗೆಲ್ಲ ಅಲೆಯ ಹುಚ್ಚು. ನನಗೂ ಇದೆ ಬಿಡಿ. ಬಿಂದುಗಳ ಜಾಲರಿ ಹಾಕಿ, ಪ್ರತಿ ಬಿಂದುವಿನ ಎತ್ತರಕ್ಕೆ ಒಂದು ಸೈನ್ ಸೂತ್ರ ಕೊಟ್ಟರಾಯ್ತು. ಸ್ಲೈಡರ್ ಎಳೆದ ಹಾಗೆಲ್ಲ ಮೇಲ್ಮೈ ಉಬ್ಬುತ್ತೆ, ತಗ್ಗುತ್ತೆ. ನೋಡೋಕೆ ಚೆಂದ. ಆದರೆ ಗೋಡೆಗೆ ಬಂದ ಮೇಲೆ ಆ ಅಲೆ ಮಾಡೋ ಕೆಲಸ ಏನು? ಬಹಳ ಸಲ ಏನೂ ಇಲ್ಲ. ಹಿಂದೆ ನೆಟ್ಟಗಿನ ಗೋಡೆ, ಮುಂದೆ ಅಲೆಯ ಮುಖವಾಡ.

ಉರುಗ್ವೆ ದೇಶದ ಅಟ್ಲಾಂಟಿಡಾದಲ್ಲಿ ಎಂಜಿನಿಯರ್ ಎಲಾಡಿಯೊ ಡಿಯೆಸ್ಟೆ ಕಟ್ಟಿಸಿದ ಚರ್ಚಿನ ಫೋಟೋ ಹುಡುಕಿ ನೋಡಿ. 1960ರಲ್ಲಿ ಮುಗಿದದ್ದು, ಇಂಥ ತಂತ್ರಾಂಶದ ಗಂಧವೇ ಇಲ್ಲದ ಕಾಲ. ಸುಮಾರು 7 ಮೀಟರ್ ಎತ್ತರದ ಇಟ್ಟಿಗೆ ಗೋಡೆ. ನೆಲದ ಹತ್ರ ಸರಳರೇಖೆ, ಮೇಲೆ ಹೋದಂತೆ ಅಲೆ. ಕೆಳಗಿನ ಗೆರೆಯಿಂದ ಮೇಲಿನ ಅಲೆಗೆ ನೇರ ದಾರ ಎಳೀತಾ ಹೋದರೆ ಆ ಡೊಂಕು ಮೈ ತಾನಾಗೇ ಸಿಗುತ್ತೆ. ಬಳುಕಿರೋದರಿಂದಲೇ ಆ ತೆಳು ಗೋಡೆಗೆ ನಿಲ್ಲೋ ಶಕ್ತಿ. (ಒಂದು ಹಾಳೆಯನ್ನ ಅಂಕುಡೊಂಕಾಗಿ ಮಡಚಿ ನಿಲ್ಲಿಸಿ, ಗೊತ್ತಾಗುತ್ತೆ.)

ಗ್ರಾಸ್‌ಹಾಪರಿನಲ್ಲಿ ಇದಕ್ಕೆ ಬೇಕಾಗೋದು ಕೆಳಗೊಂದು ಗೆರೆ, ಮೇಲೊಂದು ಸೈನ್ ಗೆರೆ, ಎರಡನ್ನೂ ಬೆಸೆಯೋಕೆ ಒಂದು ಲಾಫ್ಟ್. ಅಷ್ಟೇ! ಹಾಗಿದ್ದ ಮೇಲೆ ಹುಡುಗರಿಗೆ ಪಾಠವನ್ನ ಇಲ್ಲಿಂದಲೇ ಯಾಕೆ ಶುರು ಮಾಡಬಾರದು? ಆರ್ಕಿಟೆಕ್ಚರ್ ಕಲಿಸೋರು ಯಾರಾದ್ರೂ ಓದ್ತಾ ಇದ್ರೆ ಹೇಳಿ.